ಸಲಿಂಗಿ ಎಂದಾಕ್ಷಣ ಆಶ್ರಯ ಸಿಗುವುದಿಲ್ಲ

ಮಾನ್ಯ ಸಂಪಾದಕರೇ,

ಬ್ರಿಟನ್ನಿಗೆ ಓದಲು, ದುಡಿಯಲು ಹೋದವರ ವೀಸಾ ತೊಂದರೆಗಳ ಮಾತು ಬಂದಾಗಲೆಲ್ಲ ಒಂದು ಹೇಳಿಕೆ ಕೇಳಿಬರುತ್ತದೆ: ‘ವೀಸಾ ಮುಗಿದರೆ ಸಲಿಂಗಿ ಅಂತ ಹೇಳಿಕೊಂಡರಾಯಿತು, ಅಲ್ಲೇ ಉಳಿಯಬಹುದು.’ ಕೆಲವು ಏಜೆಂಟರು ಇದನ್ನೇ ಹೇಳಿ ದುಡ್ಡು ಕೀಳುತ್ತಾರೆ. ಇದನ್ನು ನಂಬಿದ ಜನ, ನಿಜವಾಗಿಯೂ ಜೀವ ಉಳಿಸಿಕೊಳ್ಳಲು ಮನೆ ಬಿಟ್ಟು ಓಡಿದವರನ್ನೂ ಸುಳ್ಳುಗಾರರ ಸಾಲಿಗೆ ಸೇರಿಸುತ್ತಾರೆ. ತಮ್ಮ ದೇಶದ ಹಿಂಸೆಗೆ ಹೆದರಿ ಬೇರೆ ದೇಶದಲ್ಲಿ ರಕ್ಷಣೆ ಕೇಳುವ ಆಶ್ರಯ ಅರ್ಜಿಗಳ ಕಾಗದಪತ್ರ ಹೊಂದಿಸುವ, ಅನುವಾದಿಸುವ ಕೆಲಸದಲ್ಲಿರುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಅರ್ಜಿ ಹೇಗೆ ನಡೆಯುತ್ತದೆ, ಎಲ್ಲಿ ಬಿದ್ದುಹೋಗುತ್ತದೆ ಎಂಬುದು ಓದುಗರಿಗೆ ಗೊತ್ತಾಗಬೇಕು.

1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದ ಐದು ಕಾರಣಗಳನ್ನು ಹೆಸರಿಸುತ್ತದೆ: ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಮತ್ತು ‘ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿರುವುದು’. ಸಲಿಂಗಿಗಳ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಕೊನೆಯ ಕಾರಣದಡಿ ಅವರನ್ನು ಸೇರಿಸಿದ್ದು ಕೋರ್ಟುಗಳು. ಅಮೆರಿಕದಲ್ಲಿ 1990ರಲ್ಲಿ ಕ್ಯೂಬಾದ ಒಬ್ಬ ಗಂಡಸಿನ ಪ್ರಕರಣದಲ್ಲಿ ಈ ಮಾತನ್ನು ಒಪ್ಪಿ, 1994ರಲ್ಲಿ ಆ ತೀರ್ಮಾನವನ್ನು ಎಲ್ಲರಿಗೂ ಅನ್ವಯಿಸುವಂತೆ ಮಾಡಿದರು. ಬ್ರಿಟನ್ನಿನಲ್ಲಿ ದಾರಿ ಮಾಡಿಕೊಟ್ಟದ್ದು 1999ರಲ್ಲಿ ಹೆಂಗಸರೂ ಅಂಥದೊಂದು ಗುಂಪೆಂದು ಒಪ್ಪಿ ಪಾಕಿಸ್ತಾನದ ಇಬ್ಬರು ಹೆಂಗಸರ ಪರವಾಗಿ, ಆಗ ಅಲ್ಲಿನ ಎಲ್ಲಕ್ಕಿಂತ ಮೇಲಿನ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಕೊಟ್ಟ ತೀರ್ಪು.

ಆಮೇಲೂ ಬಹಳ ಕಾಲ ಅಧಿಕಾರಿಗಳು ಕೊಡುತ್ತಿದ್ದ ಉತ್ತರ ಒಂದೇ: ‘ಊರಿಗೆ ಹೋಗಿ, ಯಾರಿಗೂ ಗೊತ್ತಾಗದ ಹಾಗೆ ಬದುಕಿ, ಏನೂ ಆಗುವುದಿಲ್ಲ.’ ಬಾಂಗ್ಲಾದೇಶದ ಇಬ್ಬರು ಗಂಡಸರ ಪ್ರಕರಣದಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್ 2003ರಲ್ಲಿ ಈ ವಾದವನ್ನು ತಳ್ಳಿಹಾಕಿತು. ಅಲ್ಲಿ ಹೈಕೋರ್ಟೇ ಎಲ್ಲಕ್ಕಿಂತ ಮೇಲಿನ ಕೋರ್ಟು. ಬ್ರಿಟನ್ನಿನ ಸುಪ್ರೀಂ ಕೋರ್ಟ್ ಅದೇ ಮಾತನ್ನು 2010ರ ಜುಲೈ 7ರಂದು ಹೇಳಿತು. ಅದರ ಮುಂದಿದ್ದವರು ಇರಾನಿನ ಒಬ್ಬರು, ಕ್ಯಾಮರೂನಿನ ಒಬ್ಬರು. ಕ್ಯಾಮರೂನಿನವರು ತಮ್ಮ ಗೆಳೆಯನಿಗೆ ಕೈತೋಟದಲ್ಲಿ ಮುತ್ತಿಟ್ಟಿದ್ದನ್ನು ನೆರೆಯವರು ಕಂಡಿದ್ದರು. ಚರ್ಚಿನಿಂದ ಮನೆಗೆ ಮರಳುವಾಗ ಜನ ಗುಂಪುಕಟ್ಟಿ ಹೊಡೆದರು. ಬಚ್ಚಿಟ್ಟುಕೊಂಡರೆ ಅಪಾಯವಿಲ್ಲ ಎಂಬ ವಾದಕ್ಕೆ ಉತ್ತರವಾಗಿ ನ್ಯಾಯಾಧೀಶ ಲಾರ್ಡ್ ಕಾಲಿನ್ಸ್ ಆ ತೀರ್ಪಿನಲ್ಲಿ ಯಹೂದಿ ಹುಡುಗಿ ಆನ್ ಫ್ರಾಂಕಳನ್ನು ನೆನೆದರು: ಅಟ್ಟದ ಮೇಲೆ ಅಡಗಿ ಕೂತರೆ ನಾಜಿಗಳ ಕೈಗೆ ಸಿಗುವುದಿಲ್ಲವಲ್ಲ ಎಂದು ಅವಳಿಗೆ ರಕ್ಷಣೆ ನಿರಾಕರಿಸಲಾದೀತೆ?

ಅದೇ ತೀರ್ಪಿನಲ್ಲಿ ಲಾರ್ಡ್ ರಾಜರ್ ಹಾಕಿಕೊಟ್ಟ ನಾಲ್ಕು ಪ್ರಶ್ನೆಗಳ ಮೇಲೆಯೇ ಇಂದಿಗೂ ಬ್ರಿಟನ್ನಿನ ಅರ್ಜಿಗಳು ನಿಂತಿವೆ. ಅರ್ಜಿದಾರರು ನಿಜಕ್ಕೂ ಸಲಿಂಗಿಯೇ, ಇಲ್ಲವೇ ಊರಿನವರು ಹಾಗೆಂದು ತಿಳಿಯುತ್ತಾರೆಯೇ? ಅವರ ದೇಶದಲ್ಲಿ ಮುಚ್ಚುಮರೆಯಿಲ್ಲದೆ ಬದುಕುವ ಸಲಿಂಗಿಗಳಿಗೆ ಹಿಂಸೆ ಆಗುತ್ತದೆಯೇ? ವಾಪಸ್ ಹೋದರೆ ಈ ವ್ಯಕ್ತಿ ಹೇಗೆ ಬದುಕುತ್ತಾರೆ? ಮುಚ್ಚಿಟ್ಟುಕೊಂಡೇ ಬದುಕುತ್ತಾರೆ ಎಂದಾದರೆ, ಯಾಕೆ?

ನಮ್ಮ ಕಡೆಯವರು ಎಡವುವುದು ಈ ಕೊನೆಯ ‘ಯಾಕೆ’ಯಲ್ಲಿ. ಹಿಂಸೆಯ ಭಯದಿಂದ ಮುಚ್ಚಿಟ್ಟರೆ ರಕ್ಷಣೆ ಇದೆ. ಮನೆಯವರಿಗೆ ನೋವಾಗುತ್ತದೆ, ನಾಚಿಕೆಯಾಗುತ್ತದೆ ಎಂಬಷ್ಟಕ್ಕೇ ಮುಚ್ಚಿಟ್ಟರೆ ಇಲ್ಲ. ಕನ್ನಡದ ಮನೆಗಳಲ್ಲಿ ಬೆಳೆದವರ ಬಾಯಿಂದ ಮೊದಲು ಹೊರಡುವ ಉತ್ತರವೇ ‘ಅಪ್ಪ ಅಮ್ಮನ ಮರ್ಯಾದೆ ಹೋಗುತ್ತೆ’ ಎಂಬುದು. ಆ ಮಾತಿನ ಹಿಂದೆ ಕೊಚ್ಚಿಹಾಕುತ್ತೇನೆಂದು ಬೆದರಿಸಿದ ಸೋದರಮಾವ ಇರಬಹುದು, ವಾರಗಟ್ಟಲೆ ಕೋಣೆಯಲ್ಲಿ ಕೂಡಿಹಾಕಿದ ಅಣ್ಣ ಇರಬಹುದು. ಅದನ್ನು ಬಿಡಿಸಿ ಹೇಳದಿದ್ದರೆ ಅಧಿಕಾರಿ ಬರೆದುಕೊಳ್ಳುವುದು ‘ಸಾಮಾಜಿಕ ಒತ್ತಡ’ ಎಂದಷ್ಟೆ. ಅರ್ಜಿ ಅಲ್ಲಿಗೆ ಮುಗಿಯುತ್ತದೆ. ಆದ್ದರಿಂದ ಮರ್ಯಾದೆ ಹೋದರೆ ಮನೆಯಲ್ಲಿ ಯಾರು ಏನು ಮಾಡುತ್ತಾರೆ, ಹಿಂದೆ ಏನು ಮಾಡಿದ್ದಾರೆ ಎಂಬುದನ್ನು ಹೇಳಿಕೆಯಲ್ಲಿ ಹೆಸರು, ಸ್ಥಳ, ಕಾಲದ ಸಮೇತ ಬರೆಯಬೇಕು.

ಇನ್ನು ಕ್ರಮ. ಆಗಲೇ ಬ್ರಿಟನ್ನಿನೊಳಗೆ ಇರುವವರು ಮೊದಲೇ ಸಮಯ ಗೊತ್ತುಮಾಡಿಕೊಂಡು ಅರ್ಜಿ ದಾಖಲಿಸುತ್ತಾರೆ. ಇದಕ್ಕೆ ಮುಖ್ಯ ಕಚೇರಿ ಲಂಡನ್ನಿನ ದಕ್ಷಿಣದ ಕ್ರಾಯ್ಡನ್‌ನಲ್ಲಿದೆ. ಮೊದಲ ಸಂದರ್ಶನ ಚಿಕ್ಕದು: ಬೆರಳಚ್ಚು, ಫೋಟೊ, ಪಾಸ್‌ಪೋರ್ಟು, ಬಂದ ದಾರಿ, ಕೊನೆಯಲ್ಲಿ ಯಾಕೆ ವಾಪಸ್ ಹೋಗಲಾರಿರಿ ಎಂಬ ಪ್ರಶ್ನೆಗೆ ಎರಡು ಸಾಲಿನ ಉತ್ತರ. ಇಲ್ಲಿ ಎಲ್ಲವನ್ನೂ ವಿವರಿಸಬೇಕಿಲ್ಲ, ಆದರೆ ನಿಜವಾದ ಕಾರಣವನ್ನು ಹೇಳಲೇಬೇಕು. ಎಷ್ಟೋ ಜನ ದುಭಾಷಿ ನಮ್ಮ ಕಡೆಯವರೆಂದು ಹೆದರಿ ‘ಆಸ್ತಿ ಜಗಳ’ ಎಂದೋ ‘ಮದುವೆಗೆ ಬಲವಂತ’ ಎಂದೋ ಹೇಳಿ ಬರುತ್ತಾರೆ. ತಿಂಗಳುಗಳ ನಂತರ ದೊಡ್ಡ ಸಂದರ್ಶನದಲ್ಲಿ ಬಾಯಿಬಿಟ್ಟಾಗ ‘ಆಗ ಯಾಕೆ ಹೇಳಲಿಲ್ಲ’ ಎಂಬ ಪ್ರಶ್ನೆ ಎದುರಾಗುತ್ತದೆ. ತಡವಾಗಿ ಹೇಳಿದ್ದೊಂದನ್ನೇ ಕಾರಣ ಮಾಡಿ ನಂಬದಿರುವುದು ತಪ್ಪೆಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2014ರ ಡಿಸೆಂಬರಿನಲ್ಲಿ ಹೇಳಿದ್ದರೂ, ಹೇಳಿಕೆಗಳಲ್ಲಿ ವ್ಯತ್ಯಾಸವಿದೆ ಎಂಬ ನೆಪ ತಿರಸ್ಕಾರದ ಪತ್ರಗಳಲ್ಲಿ ಈಗಲೂ ಕಾಣುತ್ತದೆ. ದುಭಾಷಿ ಗುಟ್ಟು ಕಾಯಲು ಬದ್ಧ. ಅಧಿಕಾರಿಯೂ ದುಭಾಷಿಯೂ ಹೆಂಗಸೇ ಇರಲಿ ಅಥವಾ ಗಂಡಸೇ ಇರಲಿ ಎಂದು ಮೊದಲೇ ಬರೆದು ಕೇಳುವುದಕ್ಕೆ ಅವಕಾಶವಿದೆ. ಕೇಳುವವರು ಕಡಿಮೆ.

ದೊಡ್ಡ ಸಂದರ್ಶನ ಹಲವು ಗಂಟೆ ನಡೆಯುತ್ತದೆ. ಧ್ವನಿ ದಾಖಲಾಗುತ್ತದೆ, ಪ್ರತಿ ಕೇಳಿ ಪಡೆಯಬೇಕು. ಪ್ರಶ್ನೆಗಳು ದಿನಾಂಕದ ಸುತ್ತ ಸುತ್ತುತ್ತವೆ: ನಿಮಗೆ ಮೊದಲು ಅನ್ನಿಸಿದ್ದು ಯಾವಾಗ, ಮನೆಯಲ್ಲಿ ಗೊತ್ತಾದದ್ದು ಯಾವ ತಿಂಗಳು? ಹಳ್ಳಿಯಲ್ಲಿ ಬೆಳೆದ ಹುಡುಗಿ ‘ಪಿಯುಸಿ ಮೊದಲನೇ ವರ್ಷ, ಗೌರಿ ಹಬ್ಬದ ಹೊತ್ತಿಗೆ’ ಎನ್ನುತ್ತಾಳೆ. ದುಭಾಷಿ ಅದನ್ನು ಸೆಪ್ಟೆಂಬರ್ ಮಾಡುತ್ತಾರೆ. ವಕೀಲರಿಗೆ ಕೊಟ್ಟ ಹೇಳಿಕೆಯಲ್ಲಿ ಆಗಸ್ಟ್ ಇರುತ್ತದೆ. ಗೌರಿ ಹಬ್ಬ ಒಂದು ವರ್ಷ ಆಗಸ್ಟಿಗೆ, ಇನ್ನೊಂದು ವರ್ಷ ಸೆಪ್ಟೆಂಬರಿಗೆ ಬರುತ್ತದೆಂದು ಅಧಿಕಾರಿಗೆ ಯಾರು ಹೇಳಬೇಕು? ಇದು ಚಿಕ್ಕ ವಿಷಯವೆನ್ನಿಸಬಹುದು. ಇಂಥವು ನಾಲ್ಕು ಸೇರಿದರೆ ‘ನಿಮ್ಮ ಮಾತು ನಂಬಲರ್ಹವಲ್ಲ’ ಎಂಬ ವಾಕ್ಯ ಬರುತ್ತದೆ. ತಿಂಗಳು ಖಚಿತವಿಲ್ಲದಿದ್ದರೆ ಹಬ್ಬ, ಪರೀಕ್ಷೆ, ಮಳೆಗಾಲ ಎಂದೇ ಹೇಳಿ, ಹಾಗೆಯೇ ಬರೆದುಕೊಳ್ಳಿ ಎಂದು ಒತ್ತಾಯಿಸಬೇಕು. ಲಿಖಿತ ಪ್ರತಿ ಕೈಗೆ ಬಂದ ಕೂಡಲೇ ಸಾಲು ಸಾಲಾಗಿ ಓದಿ, ತಪ್ಪಿದ್ದರೆ ವಕೀಲರ ಮೂಲಕ ತಿದ್ದುಪಡಿ ಕಳಿಸಬೇಕು. ತೀರ್ಮಾನ ಬಂದ ಮೇಲೆ ತಿದ್ದಿದರೆ ಅದನ್ನು ಹೊಸದಾಗಿ ಕಟ್ಟಿದ ಕತೆ ಎನ್ನುತ್ತಾರೆ.

‘ಹೋಗಿ ಅಡಗಿಕೊಳ್ಳಿ’ ಎನ್ನುವ ದಾರಿ ಮುಚ್ಚಿದ ಮೇಲೆ ಇಡೀ ಜಗಳ ಮೊದಲ ಪ್ರಶ್ನೆಗೆ ಬಂದು ನಿಂತಿದೆ: ನೀವು ಸಲಿಂಗಿ ಎಂಬುದಕ್ಕೆ ಪುರಾವೆ ಏನು? ಯುರೋಪಿನಲ್ಲಿ ಇದಕ್ಕೆ ನಡೆದ ಪ್ರಯತ್ನಗಳನ್ನು ನೆನೆದರೆ ಸಂಕಟವಾಗುತ್ತದೆ. ಜೆಕ್ ಗಣರಾಜ್ಯದಲ್ಲಿ ಗಂಡಸರಿಗೆ ಅಶ್ಲೀಲ ಚಿತ್ರ ತೋರಿಸಿ ಜನನೇಂದ್ರಿಯಕ್ಕೆ ಉಪಕರಣ ಕಟ್ಟಿ ಅಳೆಯುತ್ತಿದ್ದ ಸಂಗತಿ 2010ರಲ್ಲಿ ಹೊರಬಿತ್ತು. ಹಂಗೇರಿಯಲ್ಲಿ ನೈಜೀರಿಯಾದ ಒಬ್ಬರಿಗೆ ಮಳೆಯಲ್ಲಿ ನಿಂತ ಮನುಷ್ಯನ ಚಿತ್ರ ಬರೆಸಿ, ಶಾಯಿ ಕಲೆಗಳನ್ನು ತೋರಿಸಿ ಮನಶ್ಶಾಸ್ತ್ರದ ಪರೀಕ್ಷೆ ಮಾಡಿದರು. ಅದನ್ನು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2018ರ ಜನವರಿಯಲ್ಲಿ ನಿಷೇಧಿಸಿತು. ಲೈಂಗಿಕ ಕ್ರಿಯೆಯ ವಿವರ ಕೇಳುವುದು, ಖಾಸಗಿ ವಿಡಿಯೊ ಪುರಾವೆಯಾಗಿ ತೆಗೆದುಕೊಳ್ಳುವುದು ಅದೇ ನ್ಯಾಯಾಲಯದ 2014ರ ತೀರ್ಪಿನಲ್ಲೇ ನಿಂತಿತ್ತು. ಯಾರಾದರೂ ಏಜೆಂಟ್ ಅಂಥ ವಿಡಿಯೊ ಕೇಳಿದರೆ ಕೊಡಬೇಡಿ. ಅದರಿಂದ ಅರ್ಜಿಗೆ ಮೂರು ಕಾಸಿನ ಉಪಯೋಗವಿಲ್ಲ, ನಾಳೆ ಅದೇ ವಿಡಿಯೊ ಇಟ್ಟುಕೊಂಡು ಬೆದರಿಸಿ ಹಣ ಕೇಳಬಹುದು.

ಬ್ರಿಟನ್ನಿನಲ್ಲಿ ಈಗ ಹೆಚ್ಚು ಬಳಕೆಯಲ್ಲಿರುವುದು ಬ್ಯಾರಿಸ್ಟರ್ ಎಸ್. ಚೆಲ್ವನ್ ರೂಪಿಸಿದ ವಿಧಾನ. ಬೇರೆಯವನೆಂಬ ಅರಿವು, ಕಳಂಕ, ನಾಚಿಕೆ, ಹಾನಿ ಎಂಬ ನಾಲ್ಕು ಎಳೆಗಳಲ್ಲಿ ಅರ್ಜಿದಾರರ ಬದುಕನ್ನು ಕೇಳಿ ತಿಳಿಯುವುದು. ಇದು ಮಾನವೀಯ, ಸರಿ. ಆದರೆ ಎಲ್ಲರ ಬದುಕೂ ಈ ನಾಲ್ಕು ಎಳೆಗೆ ಸಿಗುವುದಿಲ್ಲ. ತನ್ನ ಬಗ್ಗೆ ಒಂದಿಷ್ಟೂ ನಾಚಿಕೆಪಡದವರೂ ಇದ್ದಾರೆ. ಅವರನ್ನು ಆ ಕಾರಣಕ್ಕೇ ಸಂಶಯಿಸಬಾರದು. ಮನಸ್ಸಿನೊಳಗಿನದನ್ನು ಮಾತಿನಲ್ಲಿ ಹೇಳುವ ಅಭ್ಯಾಸವೇ ಇಲ್ಲದ ಮನೆಗಳಿಂದ ಬಂದವರಿಗೆ ‘ಆಗ ನಿಮಗೆ ಏನನ್ನಿಸಿತು’ ಎಂದರೆ ‘ಏನೂ ಅನ್ನಿಸಲಿಲ್ಲ’ ಎಂಬ ಉತ್ತರವೇ ಬರುತ್ತದೆ. ಮದುವೆಯಾಗಿ ಮಕ್ಕಳಿರುವವರೂ ಸಲಿಂಗಿಗಳಾಗಿರಬಹುದು ಎಂಬುದು ನಮ್ಮ ಊರುಗಳಲ್ಲಿ ಹೊಸ ಮಾತೇನಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ 2012ರ ಮಾರ್ಗಸೂಚಿ ಕೂಡ, ಮದುವೆಯಾಗಿರುವುದೊಂದರಿಂದಲೇ ಸಲಿಂಗಿಯಲ್ಲ ಎಂದುಕೊಳ್ಳಬಾರದು ಎನ್ನುತ್ತದೆ.

2022ರ ಜೂನ್ 28ರಿಂದ ಈಚೆಗೆ ಸಲ್ಲಿಸಿದ ಅರ್ಜಿಗಳಿಗೆ ಬ್ರಿಟನ್ ಪುರಾವೆಯ ಮಟ್ಟವನ್ನೂ ಏರಿಸಿದೆ. ಮೊದಲು ಇಡೀ ಅರ್ಜಿಗೆ ‘ಹೀಗಿರುವ ಸಾಕಷ್ಟು ಸಂಭವವಿದೆ’ ಎಂದು ತೋರಿಸಿದರೆ ನಡೆಯುತ್ತಿತ್ತು. ಈಗ ಸಲಿಂಗಿ ಎಂಬುದನ್ನೂ ನಿಜಕ್ಕೂ ಭಯವಿದೆ ಎಂಬುದನ್ನೂ ‘ಇಲ್ಲ ಎನ್ನುವುದಕ್ಕಿಂತ ಹೌದು ಎನ್ನುವುದೇ ಹೆಚ್ಚು’ ಎಂಬ ಮಟ್ಟಕ್ಕೆ ಸಾಬೀತು ಮಾಡಬೇಕು. ಮುಂದಿನ ಅಪಾಯಕ್ಕೆ ಮಾತ್ರ ಹಳೆಯ ಅಳತೆ. ಬಚ್ಚಿಟ್ಟುಕೊಂಡೇ ಬದುಕಿದವರಿಂದ ಇಷ್ಟು ಪುರಾವೆ ಕೇಳುವುದು ನ್ಯಾಯವಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಇದರ ಜೊತೆಗೆ 2004ರ ಕಾಯ್ದೆಯೊಂದಿದೆ: ವಲಸೆ ಇಲಾಖೆಯ ತೀರ್ಮಾನ ಕೈಗೆ ಬಂದ ಮೇಲೆ ಅಥವಾ ಬಂಧನವಾದ ಮೇಲೆ ಆಶ್ರಯ ಕೇಳಿದರೆ ಅದು ಅರ್ಜಿದಾರರ ವಿಶ್ವಾಸಾರ್ಹತೆಗೆ ಕುಂದು. ‘ವೀಸಾ ಮುಗಿಯಲಿ, ಆಮೇಲೆ ಹಾಕೋಣ’ ಎನ್ನುವ ಏಜೆಂಟರ ಸಲಹೆ ಅರ್ಜಿಯ ಕತ್ತನ್ನೇ ಹಿಸುಕುವುದು ಹೀಗೆ.

ಕಾಗದಪತ್ರಗಳ ಬಗ್ಗೆ ಎರಡು ಮಾತು. ವಾಟ್ಸ್‌ಆ್ಯಪ್ ಸಂದೇಶಗಳ ಬಿಡಿ ಸ್ಕ್ರೀನ್‌ಶಾಟುಗಳಿಗೆ ಬೆಲೆ ಕಡಿಮೆ, ಏಕೆಂದರೆ ದಿನಾಂಕವೂ ನಂಬರೂ ಕಾಣದೆ ಬರೀ ಹೆಸರು ಕಾಣುತ್ತದೆ, ಹೆಸರನ್ನು ಯಾರು ಬೇಕಾದರೂ ಬದಲಿಸಬಹುದು. ಇಡೀ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ, ಫೋನನ್ನೂ ಉಳಿಸಿಕೊಳ್ಳಬೇಕು. ಸಂಗಾತಿ ಇದ್ದರೆ ಅವರ ಹೇಳಿಕೆ, ಅವರು ಖುದ್ದಾಗಿ ಮೇಲ್ಮನವಿ ಕೇಳುವ ನ್ಯಾಯಮಂಡಳಿಗೆ ಬರುವುದು ದೊಡ್ಡ ಬಲ. ಸಂಘಟನೆಗಳ ಪತ್ರ ಒಂದೇ ಅಚ್ಚಿನಲ್ಲಿ ಎಲ್ಲರಿಗೂ ಕೊಟ್ಟಂತಿದ್ದರೆ ಪ್ರಯೋಜನವಿಲ್ಲ. ಬರೆದವರಿಗೆ ಅರ್ಜಿದಾರರು ಎಷ್ಟು ಕಾಲದಿಂದ, ಹೇಗೆ ಗೊತ್ತು ಎಂಬುದು ಅದರಲ್ಲಿರಬೇಕು. ಸಲಿಂಗಿಗಳ ಕ್ಲಬ್ಬಿನ ಟಿಕೆಟು, ಮೆರವಣಿಗೆಯ ಫೋಟೊ ಅರ್ಜಿ ಹಾಕಿದ ಮರುವಾರದಿಂದ ಶುರುವಾಗಿದ್ದರೆ ಅವೇ ತಿರುಗಿ ಹೊಡೆಯುತ್ತವೆ. ಕನ್ನಡದ ಕಾಗದ ಯಾವುದಿದ್ದರೂ, ಆಸ್ಪತ್ರೆಯ ಚೀಟಿಯಿಂದ ಹಿಡಿದು ಠಾಣೆಯ ದೂರಿನವರೆಗೆ, ಪೂರ್ತಿ ಅನುವಾದವಾಗಬೇಕು. ಅನುವಾದಕರ ಹೆಸರು, ಸಹಿ, ದಿನಾಂಕ, ಅನುವಾದ ಸರಿಯಿದೆ ಎಂಬ ದೃಢೀಕರಣ ಬೇಕು. ಮುದ್ರೆಯ ಮೇಲಿನ ಅಕ್ಷರವನ್ನೂ ಬಿಡುವಂತಿಲ್ಲ.

ಸುಳ್ಳು ಅರ್ಜಿಗಳೂ ಇವೆ. ಏಜೆಂಟರು ಒಂದೇ ಕತೆಯನ್ನು ಊರಿನ ಹೆಸರು ಬದಲಿಸಿ ಹಲವರಿಗೆ ಮಾರುತ್ತಾರೆ. ಒಂದೇ ಸಾಲುಗಳು ಬೇರೆ ಬೇರೆ ಕಡತಗಳಲ್ಲಿ ಕಂಡಾಗ ಅಧಿಕಾರಿಗಳು ಮುಂದೆ ಬರುವ ನಿಜದ ಅರ್ಜಿಯನ್ನೂ ಅದೇ ಕಣ್ಣಿನಿಂದ ನೋಡುತ್ತಾರೆ. ಅರ್ಜಿ ಬಾಕಿಯಿರುವಾಗ ಸಿಗುವ ಸೌಲಭ್ಯವಾದರೂ ಎಷ್ಟು? ಸರ್ಕಾರ ಹಾಕಿದ ಕಡೆ ವಾಸ, ಅಡುಗೆ ತಾವೇ ಮಾಡಿಕೊಳ್ಳುವವರಿಗೆ ವಾರಕ್ಕೆ 50 ಪೌಂಡಿಗೂ ಕಡಿಮೆ ಭತ್ಯೆ. ಹನ್ನೆರಡು ತಿಂಗಳು ಕಳೆದು, ತಡಕ್ಕೆ ಅರ್ಜಿದಾರರು ಕಾರಣರಲ್ಲದಿದ್ದರೆ ಮಾತ್ರ ಕೆಲಸ ಮಾಡಲು ಅನುಮತಿ ಕೇಳಬಹುದು, ಅದೂ ಆಯ್ದ ಕೆಲಸಗಳಿಗಷ್ಟೇ. ಹಂಚಿಕೊಂಡ ವಸತಿಯಲ್ಲಿ ತಾವು ಬಿಟ್ಟುಬಂದ ದೇಶದವರೇ ಪಕ್ಕದ ಮಂಚದಲ್ಲಿರುವುದು ಸಾಮಾನ್ಯ. ಊರಿನಲ್ಲಿ ಮುಚ್ಚಿಟ್ಟಿದ್ದನ್ನು ಅಲ್ಲೂ ಮುಚ್ಚಿಡಬೇಕು.

ಈಗ ಭಾರತದವರ ವಿಷಯ. ಇಲ್ಲಿಂದ ಹೋದವರಿಗೆ ದಾರಿ ಇನ್ನೂ ಕಿರಿದು. ಬ್ರಿಟನ್ನಿನ ಮೇಲಿನ ಹಂತದ ನ್ಯಾಯಮಂಡಳಿ (ಅಪ್ಪರ್ ಟ್ರಿಬ್ಯೂನಲ್) 2014ರಲ್ಲಿ ಭಾರತದ ಸಲಿಂಗಿ ಗಂಡಸರ ಬಗ್ಗೆ, 2016ರಲ್ಲಿ ಭಾರತದ ಲೆಸ್ಬಿಯನ್ ಮಹಿಳೆಯರ ಬಗ್ಗೆ ಮಾರ್ಗದರ್ಶಕ ತೀರ್ಪು ಕೊಟ್ಟಿದೆ. ಎರಡರ ತಿರುಳೂ ಹತ್ತಿರಹತ್ತಿರ ಒಂದೇ: ಸ್ವಂತ ಊರಿನಲ್ಲಿ ಅಪಾಯವಿರಬಹುದು, ಆದರೆ ದೊಡ್ಡ ನಗರಕ್ಕೆ ಹೋಗಿ ಬದುಕಬಹುದು. ಆಗ ಇಲ್ಲಿ ಸಲಿಂಗ ಸಂಬಂಧವನ್ನು ಅಪರಾಧವೆನ್ನುವ ದಂಡಸಂಹಿತೆಯ 377ನೇ ಕಲಂ ಇನ್ನೂ ಜಾರಿಯಲ್ಲಿತ್ತು. ನಮ್ಮ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಸಮ್ಮತಿಯ ಸಂಬಂಧವನ್ನು ಅದರಿಂದ ಹೊರಗಿಟ್ಟ ಮೇಲೆ ಅಧಿಕಾರಿಗಳ ಉತ್ತರ ಮತ್ತಷ್ಟು ಸಲೀಸಾಗಿದೆ. ಜೊತೆಗೆ ಭಾರತ ಬ್ರಿಟನ್ನಿನ ‘ಸುರಕ್ಷಿತ ದೇಶ’ಗಳ ಪಟ್ಟಿಯಲ್ಲಿ 2005ರಿಂದ ಇದೆ. ಸಾಮಾನ್ಯವಾಗಿ ಅರ್ಜಿ ತಿರಸ್ಕಾರವಾದರೆ 14 ದಿನದೊಳಗೆ ಮೇಲ್ಮನವಿ ಹಾಕಬಹುದು. ಆದರೆ ‘ಸ್ಪಷ್ಟವಾಗಿ ಆಧಾರರಹಿತ’ ಎಂದು ಷರಾ ಬಿದ್ದರೆ ಆ ಮೇಲ್ಮನವಿಯೂ ಇಲ್ಲ. ಇಂಥ ಪಟ್ಟಿಗಳ ಅನ್ಯಾಯವನ್ನು ಬ್ರಿಟನ್ನಿನ ಸುಪ್ರೀಂ ಕೋರ್ಟೇ 2015ರಲ್ಲಿ ಎತ್ತಿ ತೋರಿಸಿತ್ತು: ಸಲಿಂಗಿಗಳಿಗೆ ಹಿಂಸೆಯಿರುವಾಗ ಜಮೈಕಾವನ್ನು ಸುರಕ್ಷಿತವೆಂದು ಪಟ್ಟಿಗೆ ಸೇರಿಸಿದ್ದು ಕಾನೂನುಬಾಹಿರ ಎಂದಿತು.

2016ರ ತೀರ್ಪು ಒಂದು ಕಡೆ ಮಾತ್ರ ನೆಲದ ವಾಸ್ತವ ಹಿಡಿದಿದೆ. ಭಾರತದಲ್ಲಿ ಲೆಸ್ಬಿಯನ್ ಮಹಿಳೆಗೆ ಅಪಾಯ ಬರುವುದು ಮನೆಯವರಿಂದ. ಓದಿಲ್ಲದ, ಹಳ್ಳಿಯಲ್ಲಿ ಮನೆಯವರ ಹಿಡಿತದಲ್ಲಿರುವ ಬಡ ಹೆಣ್ಣುಮಗಳಿಗೆ ಆ ಅಪಾಯ ಹೆಚ್ಚು. ಹಗೆ ಸಾಧಿಸುವ ಮನೆಯವರು ಅವಳನ್ನು ಹುಡುಕಿಕೊಂಡು ಬರಬಹುದು ಎಂದು ಅದು ಒಪ್ಪುತ್ತದೆ. ಆದರೆ ಇಂಥ ಹೆಣ್ಣುಮಗಳ ಕೈಯಲ್ಲಿ ಪಾಸ್‌ಪೋರ್ಟು, ವೀಸಾ, ವಿಮಾನದ ದುಡ್ಡು ಎಲ್ಲಿಂದ ಬರಬೇಕು? ತಲುಪಿದವಳು ಓದಿದವಳಾಗಿರುತ್ತಾಳೆ. ಓದಿದ್ದೀಯಲ್ಲ, ನಗರದಲ್ಲಿ ಬದುಕು ಎನ್ನುತ್ತಾರೆ. ಮನೆಯೊಳಗೆ ಬಿದ್ದ ಏಟಿಗೆ ಎಫ್‌ಐಆರ್ ಇರುವುದಿಲ್ಲ, ಕೂಡಿಹಾಕಿದ್ದಕ್ಕೆ ಸಾಕ್ಷಿ ಹೇಳಬೇಕಾದವರು ಕೂಡಿಹಾಕಿದವರೇ. ಹೆಂಗಸರ ಅರ್ಜಿ ಸೋಲುವುದು ಇಲ್ಲಿಯೇ.

ಬ್ರಿಟನ್ನಿನಲ್ಲಿ ಇಂಥ ಅರ್ಜಿಗಳು ಹಲವು ವರ್ಷಗಳಿಂದ ಹೆಚ್ಚಾಗಿ ಬರುವುದು ಪಾಕಿಸ್ತಾನ, ಬಾಂಗ್ಲಾದೇಶ, ನೈಜೀರಿಯಾದವರಿಂದ. ಮೊದಲೆರಡು ದೇಶಗಳಲ್ಲಿ ಬ್ರಿಟಿಷರು 1860ರಲ್ಲಿ ನಮಗೆ ಬರೆದುಕೊಟ್ಟ ಅದೇ 377ನೇ ಕಲಂ ಅದೇ ಸಂಖ್ಯೆಯಲ್ಲಿ ಇಂದಿಗೂ ಜಾರಿಯಲ್ಲಿದೆ. ಢಾಕಾದಲ್ಲಿ ಸಲಿಂಗಿಗಳ ಪತ್ರಿಕೆಯೊಂದರ ಸಂಪಾದಕ ಜುಲ್ಹಾಜ್ ಮನ್ನಾನ್ ಅವರನ್ನು ಗೆಳೆಯನ ಸಮೇತ 2016ರ ಏಪ್ರಿಲ್ 25ರಂದು ಅವರ ಮನೆಯಲ್ಲೇ ಕೊಚ್ಚಿ ಕೊಂದರು. ಉಗಾಂಡಾದ 2023ರ ಕಾಯ್ದೆಯಲ್ಲಿ ಜೀವಾವಧಿ ಶಿಕ್ಷೆಯಿದೆ, ಕೆಲವು ಸಂದರ್ಭಗಳಿಗೆ ಮರಣದಂಡನೆಯೂ ಇದೆ.

ಉಗಾಂಡಾದ ಹೆಸರೆತ್ತಿದ್ದಕ್ಕೆ ಪತ್ರಿಕೆಗಳಿಗೆ ಸಂಬಂಧಿಸಿದ ಕಾರಣವಿದೆ. 2010ರಲ್ಲಿ ಕಂಪಾಲಾದ ಒಂದು ವಾರಪತ್ರಿಕೆ ಸಲಿಂಗಿಗಳೆಂದು ಹಲವರ ಹೆಸರು, ಫೋಟೊ ಹಾಕಿ ‘ನೇಣಿಗೇರಿಸಿ’ ಎಂದು ಮುಖಪುಟದಲ್ಲಿ ಅಚ್ಚುಮಾಡಿತು. ಅದರ ವಿರುದ್ಧ ಕೋರ್ಟಿಗೆ ಹೋಗಿ ಗೆದ್ದವರಲ್ಲಿ ಒಬ್ಬರಾದ ಡೇವಿಡ್ ಕಾಟೊ, ಗೆದ್ದ ಕೆಲವೇ ವಾರಗಳಲ್ಲಿ, 2011ರ ಜನವರಿ 26ರಂದು ಕೊಲೆಯಾದರು. 2014ರಲ್ಲಿ ಅಲ್ಲಿನ ಅಧ್ಯಕ್ಷರು ಹಿಂದಿನ ಕಾಯ್ದೆಗೆ ಸಹಿ ಹಾಕಿದ ಮರುದಿನವೇ ಇನ್ನೊಂದು ಪತ್ರಿಕೆ ಮತ್ತೆ ಹೆಸರುಗಳ ಪಟ್ಟಿ ಹಾಕಿತು. ಬ್ರಿಟನ್ನಿನ ನ್ಯಾಯಮಂಡಳಿಗಳು ಇಂಥ ಪ್ರಕರಣಗಳನ್ನು ಎರಡಕ್ಷರ ಮತ್ತು ದೇಶದ ಹೆಸರಿನಿಂದ ಮಾತ್ರ ಕರೆಯುವುದು ಈ ಅಪಾಯ ತಿಳಿದೇ.

ಆದ್ದರಿಂದ ನಿಮ್ಮಲ್ಲಿ ಕೋರಿಕೆ. ಆಶ್ರಯ ಕೇಳಿದ ಕನ್ನಡಿಗರ ಸುದ್ದಿ ಬಂದಾಗ ಹೆಸರು ಬಿಟ್ಟರೆ ಸಾಲದು. ತಾಲ್ಲೂಕು, ಓದಿದ ಕಾಲೇಜು, ತಂದೆಯ ಉದ್ಯೋಗ, ಈ ಮೂರು ಕೂಡಿದರೆ ಊರಿನವರಿಗೆ ವ್ಯಕ್ತಿ ಯಾರೆಂದು ಗೊತ್ತಾಗುತ್ತದೆ. ಅವನ್ನೂ ಬಿಡಿ. ಗುರುತು ಸಿಗುವ ಹಳೆಯ ವರದಿ ನಿಮ್ಮ ಜಾಲತಾಣದಲ್ಲಿದ್ದರೆ, ಸಂಬಂಧಪಟ್ಟವರು ಕೇಳಿದಾಗ ತೆಗೆದುಹಾಕಿ. ಇದಕ್ಕಿಂತ ಮುಖ್ಯವಾದದ್ದು ಒಳಪುಟದ ‘ಕಾಣೆಯಾಗಿದ್ದಾರೆ’ ಪ್ರಕಟಣೆ. ಎತ್ತರ 5 ಅಡಿ 2 ಅಂಗುಲ, ಗೋಧಿ ಮೈಬಣ್ಣ, ಹೋಗುವಾಗ ನೀಲಿ ಚೂಡಿದಾರ್ ಧರಿಸಿದ್ದರು ಎಂದು ಫೋಟೊ ಸಮೇತ ಬರುತ್ತದಲ್ಲ, ಅವುಗಳಲ್ಲಿ ಕೆಲವು ಗೆಳತಿಯ ಜೊತೆ ಮನೆ ಬಿಟ್ಟ, ಹದಿನೆಂಟು ದಾಟಿದ ಹೆಣ್ಣುಮಕ್ಕಳದು. ತಾನೇ ಇಷ್ಟಪಟ್ಟು ಹೋಗಿದ್ದೇನೆಂದು ಆಕೆ ಬೇರೊಂದು ಠಾಣೆಯಲ್ಲಿ ಹೇಳಿಕೆ ಕೊಟ್ಟಿರಬಹುದು. ಇಂಥವರನ್ನು ಮನೆಯವರ ಕೈಗೆ ಒಪ್ಪಿಸುವ ಆತುರ ಕೂಡದು, ಮನಸ್ಸು ಬದಲಿಸುವ ಕೌನ್ಸೆಲಿಂಗ್ ಮಾಡಿಸಕೂಡದು ಎಂದು ನಮ್ಮ ಸುಪ್ರೀಂ ಕೋರ್ಟ್ 2024ರ ಮಾರ್ಚ್ 11ರಂದು ಹೈಕೋರ್ಟುಗಳಿಗೆ ಮಾರ್ಗಸೂಚಿ ಕೊಟ್ಟಿದೆ. ವಯಸ್ಕರ ಪ್ರಕಟಣೆ ಅಚ್ಚಿಗೆ ಹೋಗುವ ಮುನ್ನ ನಿಮ್ಮ ವರದಿಗಾರರು ಠಾಣೆಗೆ ಒಂದು ಫೋನ್ ಮಾಡಿ, ಆಕೆ ಪತ್ತೆಯಾಗಿ ಹೇಳಿಕೆ ಕೊಟ್ಟಿದ್ದಾರೆಯೇ ಎಂದು ಕೇಳಲಿ. ಕೊಟ್ಟಿದ್ದರೆ ಆ ಫೋಟೊ ಹಾಕಬೇಡಿ.

ಇಂತಿ,
ಆಶ್ರಯ ಅರ್ಜಿಗಳ ಅನುವಾದ ಮತ್ತು ದಾಖಲೆ ಕೆಲಸದಲ್ಲಿರುವ ಕೆಲವು ಕನ್ನಡಿಗರು
(ಹೆಸರುಗಳನ್ನು ಪ್ರಕಟಿಸಬೇಡಿ ಎಂದು ವಿನಂತಿ)